ಓದುಗರ ಪ್ರಶ್ನೆಗಳು: ಮನೆಯಲ್ಲೇ ಕಟ್ಟುವ ಟ್ಯೂಬ್ ಡ್ಯಾಕ್

ಸಿ.ಡಿ. ಪ್ಲೇಯರ್ ಅಥವಾ ಕಂಪ್ಯೂಟರಿನಿಂದ ಬರುವ ಡಿಜಿಟಲ್ ಸಂಕೇತವನ್ನು ಆಂಪ್ಲಿಫೈಯರ್‌ಗೆ ಬೇಕಾದ ಅನಲಾಗ್ ಸಂಕೇತವಾಗಿ ಮಾರ್ಪಡಿಸುವ ಉಪಕರಣವೇ ಡ್ಯಾಕ್. ಅದರ ಕೊನೆಯ ಹಂತದಲ್ಲಿ ಟ್ರಾನ್ಸಿಸ್ಟರಿನ ಬದಲು ಟ್ಯೂಬ್ (ಹಳೆಯ ರೇಡಿಯೊಗಳಲ್ಲಿದ್ದ ಗಾಜಿನ ನಿರ್ವಾತ ಕೊಳವೆ, ಅಂದರೆ ವಾಲ್ವ್) ಬಳಸಿ, ತಾವೇ ಬೆಸುಗೆ ಹಾಕಿ ಕಟ್ಟುತ್ತಿರುವ ಓದುಗರ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ.

ಪ್ರಶ್ನೆ: ಟ್ಯೂಬ್ ಡ್ಯಾಕ್ ಎಂಬ ಹೆಸರಿನಲ್ಲಿ ಮಾರಾಟವಾಗುವ, 12 ವೋಲ್ಟ್ ಅಡಾಪ್ಟರಿನಿಂದ ನಡೆಯುವ ಒಂದು ಪುಟ್ಟ ಪೆಟ್ಟಿಗೆಯನ್ನು ಕೊಂಡಿದ್ದೇನೆ. ಅದರಲ್ಲಿ ಟ್ಯೂಬ್ ನಿಜವಾಗಿ ಏನು ಕೆಲಸ ಮಾಡುತ್ತದೆ? ಇದನ್ನೇ ಸುಧಾರಿಸುವುದು ಒಳಿತೋ, ಹೊಸದಾಗಿ ಕಟ್ಟುವುದು ಒಳಿತೋ? (ಧಾರವಾಡ)

ಉತ್ತರ: ಡಿಜಿಟಲ್‌ನಿಂದ ಅನಲಾಗ್‌ಗೆ ಪರಿವರ್ತಿಸುವ ಕೆಲಸದಲ್ಲಿ ಟ್ಯೂಬಿಗೆ ಯಾವ ಪಾತ್ರವೂ ಇಲ್ಲ. ಆ ಕೆಲಸವನ್ನು ಬಹುತೇಕ ಡ್ಯಾಕ್‌ಗಳಲ್ಲೂ ಒಂದು ಚಿಪ್ಪೇ ಮಾಡುತ್ತದೆ. ಯುಎಸ್‌ಬಿ ಅಥವಾ ಕೋಆಕ್ಸಿಯಲ್ ತಂತಿಯಿಂದ ಬಂದ ಸಂಕೇತವನ್ನು ರಿಸೀವರ್ ಚಿಪ್ ಬಿಡಿಸುತ್ತದೆ, ಡ್ಯಾಕ್ ಚಿಪ್ ಅದನ್ನು ಬಹುಮಟ್ಟಿಗೆ ಕರೆಂಟಿನ ರೂಪದಲ್ಲಿ ಹೊರಹಾಕುತ್ತದೆ, ಆ ಕರೆಂಟನ್ನು ವೋಲ್ಟೇಜ್ ಆಗಿ ಬದಲಿಸುವ ಒಂದು ಹಂತವಿರುತ್ತದೆ, ಅದಾದ ಮೇಲೆ ವೋಲ್ಟೇಜನ್ನು ಹಿಗ್ಗಿಸಿ ಆಂಪ್ಲಿಫೈಯರ್‌ಗೆ ಕಳುಹಿಸುವ ಔಟ್‌ಪುಟ್ ಹಂತ ಬರುತ್ತದೆ. ಟ್ಯೂಬಿಗೆ ಜಾಗವಿರುವುದು ಈ ಕೊನೆಯ ಒಂದು ಅಥವಾ ಎರಡು ಹಂತಗಳಲ್ಲಿ ಮಾತ್ರ.

ನೀವು ಹೇಳುವಂಥ ಅಗ್ಗದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಆಪ್-ಆಂಪ್ ಎಂಬ ಚಿಪ್ಪೇ ಎಲ್ಲ ಕೆಲಸವನ್ನೂ ಮುಗಿಸಿರುತ್ತದೆ. ಟ್ಯೂಬನ್ನು ಅದಾದ ಮೇಲೆ ಕೆಲವೇ ವೋಲ್ಟುಗಳಲ್ಲಿ, ಸಂಕೇತವನ್ನು ಹಿಗ್ಗಿಸದೆ ದಾಟಿಸುವ ಬರಿಯ ಬಫರ್ ಆಗಿ ಕೂರಿಸಿರುತ್ತಾರೆ. ಫಿಲಮೆಂಟಿನ ಮಂದ ಬೆಳಕು ಗಿರಾಕಿಯ ಕಣ್ಣಿಗೆ ಸಾಲದೆಂದು ಟ್ಯೂಬಿನ ಬುಡದಲ್ಲಿ ಕಿತ್ತಳೆ ಬಣ್ಣದ ಎಲ್‌ಇಡಿ ಇಡುವುದೂ ಉಂಟು. ಎಲ್ಲ ಪೆಟ್ಟಿಗೆಗಳೂ ಹೀಗಲ್ಲ. ಕೆಲವದರಲ್ಲಿ 12 ವೋಲ್ಟನ್ನು ಒಳಗೇ ನೂರಕ್ಕೂ ಹೆಚ್ಚು ವೋಲ್ಟಿಗೆ ಏರಿಸುವ ಸರ್ಕ್ಯೂಟ್ ಇರುತ್ತದೆ, ಆದ್ದರಿಂದ ಮುಚ್ಚಳ ತೆರೆದಾಗ ಎಚ್ಚರವಿರಲಿ. ಟ್ಯೂಬಿನ ಆನೋಡಿನಲ್ಲಿ (ಹೆಚ್ಚಿನ ವೋಲ್ಟೇಜ್ ಕೊಡುವ ತುದಿಯಲ್ಲಿ) 30 ವೋಲ್ಟಿಗಿಂತ ಕಡಿಮೆ ಇದ್ದರೆ ಆ ಟ್ಯೂಬನ್ನು ಬದಲಿಸುವುದಕ್ಕೆ ಹಣ ಹಾಕಬೇಡಿ. ಅಂಥ ಪೆಟ್ಟಿಗೆಗೆ ಸ್ವಿಚಿಂಗ್ ಅಡಾಪ್ಟರಿನ ಬದಲು ಟ್ರಾನ್ಸ್‌ಫಾರ್ಮರ್ ಇರುವ ಒಂದು ಒಳ್ಳೆಯ 12 ವೋಲ್ಟ್ ಸಪ್ಲೈ ಕೊಡಬಹುದು. ಅದಕ್ಕಿಂತ ಮುಂದೆ ಹೋಗುವ ಮನಸ್ಸಿದ್ದರೆ ಹೊಸದನ್ನೇ ಕಟ್ಟುವುದು ಒಳಿತು.

ಪ್ರಶ್ನೆ: ಟಿಡಿಎ1541ಎ ಚಿಪ್ಪಿಗೆ 33 ಓಮ್ ರೆಸಿಸ್ಟರ್ ಕೊಟ್ಟು, ಅದರಿಂದ ನೇರವಾಗಿ ಇಸಿಸಿ88 ಟ್ಯೂಬಿಗೆ ಸಂಕೇತ ಒಯ್ದಿದ್ದೇನೆ. ಕೇಳಲು ಹಿತವಾಗಿದೆ, ಆದರೆ ಬೇರೆ ಪ್ಲೇಯರ್‌ಗಳಿಗಿಂತ ಸದ್ದು ಕಡಿಮೆ. ಚಿಪ್ ಅಸಲಿಯೋ ನಕಲಿಯೋ ಎಂಬ ಸಂಶಯವೂ ಇದೆ. ಇದನ್ನು ಹೇಗೆ ಸುಧಾರಿಸಲಿ? (ಶಿವಮೊಗ್ಗ)

ಉತ್ತರ: ಟಿಡಿಎ1541ಎ ಫಿಲಿಪ್ಸ್ ಸಂಸ್ಥೆಯು 1980ರ ದಶಕದಲ್ಲಿ ಸಿ.ಡಿ. ಪ್ಲೇಯರ್‌ಗಳಿಗಾಗಿ ರೂಪಿಸಿದ, 28 ಕಾಲುಗಳ, 16 ಬಿಟ್‌ನ ಚಿಪ್. ಅದರ ತಯಾರಿಕೆ ನಿಂತು ಬಹಳ ಕಾಲವಾಗಿರುವುದರಿಂದ ಇಂದು ಸಿಗುವುದು ಹಳೆಯ ದಾಸ್ತಾನು, ಹಳೆಯ ಪ್ಲೇಯರ್‌ಗಳಿಂದ ಬಿಚ್ಚಿದ ಮಾಲು, ಇಲ್ಲವೆ ನಕಲಿ. ಪರೀಕ್ಷಿಸಿ ಆರಿಸಿದ ಚಿಪ್‌ಗಳ ಮೇಲೆ ಫಿಲಿಪ್ಸ್ ಕಿರೀಟದ ಗುರುತು ಹಾಕುತ್ತಿತ್ತು: ಎಸ್1 ದರ್ಜೆಗೆ ಒಂದು, ಎಸ್2 ದರ್ಜೆಗೆ ಎರಡು. ಈ ಕಿರೀಟಕ್ಕೆ ಬೆಲೆ ಹೆಚ್ಚಾದಂತೆಲ್ಲ ಸಾಮಾನ್ಯ ಚಿಪ್ಪಿನ ಮುಖವನ್ನು ಉಜ್ಜಿ, ಕಿರೀಟ ಅಚ್ಚೊತ್ತಿ ಮಾರುವವರೂ ಹೆಚ್ಚಾದರು. ಅಸಿಟೋನಿನಲ್ಲಿ ಅದ್ದಿದ ಹತ್ತಿಯಿಂದ ಚಿಪ್ಪಿನ ಮೈಯನ್ನು ಒರೆಸಿದಾಗ ಕಪ್ಪು ಬಣ್ಣ ಬಿಟ್ಟರೆ ಅದಕ್ಕೆ ಮತ್ತೆ ಬಣ್ಣ ಬಳಿದಿದ್ದಾರೆ ಎಂದೇ ತಿಳಿಯಿರಿ. ಇದಕ್ಕಿಂತ ಹೆಚ್ಚು ನಂಬಬಹುದಾದ ಪರೀಕ್ಷೆ ಕರೆಂಟಿನದು. ಈ ಚಿಪ್ ಪ್ಲಸ್ 5 ವೋಲ್ಟಿನಿಂದ ಸುಮಾರು 27 ಮಿಲಿಆಂಪಿಯರ್, ಮೈನಸ್ 5ರಿಂದ ಸುಮಾರು 37, ಮೈನಸ್ 15ರಿಂದ ಸುಮಾರು 25 ಮಿಲಿಆಂಪಿಯರ್ ಎಳೆಯುತ್ತದೆ. ಒಟ್ಟು 700 ಮಿಲಿವ್ಯಾಟ್ ಆಗುವುದರಿಂದ ಮುಟ್ಟಿದರೆ ಚೆನ್ನಾಗಿಯೇ ಬೆಚ್ಚಗಿರಬೇಕು. ಮೂರು ಸಪ್ಲೈಗಳಲ್ಲೂ ಈ ಅಂಕಿಗಳ ಆಸುಪಾಸಿನಲ್ಲಿದ್ದು ಎರಡೂ ಚಾನೆಲ್‌ಗಳಲ್ಲಿ ಸಂಗೀತ ಬರುತ್ತಿದ್ದರೆ ನಿಮ್ಮದು ಟಿಡಿಎ1541ಎ ಎಂದೇ ಭಾವಿಸಿ ಮುಂದುವರಿಯಬಹುದು. ಕಿರೀಟದ ಚಿಂತೆ ಬೇಡ.

ಇನ್ನು ಸದ್ದಿನ ವಿಷಯ. ಈ ಚಿಪ್ಪಿನ ಪೂರ್ಣ ಮಟ್ಟದ ಕರೆಂಟ್ 4 ಮಿಲಿಆಂಪಿಯರ್. ಅದು 33 ಓಮ್ ಮೂಲಕ ಹರಿದಾಗ 132 ಮಿಲಿವೋಲ್ಟ್ ಪೀಕ್-ಟು-ಪೀಕ್ (ಅಲೆಯ ತಳದಿಂದ ತುದಿಯವರೆಗೆ), ಅಂದರೆ ಸೈನ್ ಅಲೆಗೆ ಸುಮಾರು 47 ಮಿಲಿವೋಲ್ಟ್ ಆರ್‌ಎಂಎಸ್ (ಪರಿಣಾಮಕಾರಿ ಮೌಲ್ಯ) ಸಿಗುತ್ತದೆ. ಇಸಿಸಿ88 ಟ್ಯೂಬಿನ ವರ್ಧನಾಂಕ 33 ಆದರೂ ಅದು ಪೂರ್ತಿ ಕೈಗೆ ಸಿಗುವುದಿಲ್ಲ. 180 ವೋಲ್ಟ್ ಬಿ-ಪ್ಲಸ್ (ಆನೋಡಿಗೆ ಕೊಡುವ ಡಿಸಿ ಸಪ್ಲೈ), 10 ಕಿಲೋಓಮ್ ಆನೋಡ್ ರೆಸಿಸ್ಟರ್, ಸುಮಾರು 9 ಮಿಲಿಆಂಪಿಯರ್ ಕರೆಂಟ್ ಎಂದಿಟ್ಟುಕೊಂಡರೆ ಗೇನ್ (ಸಂಕೇತ ಹಿಗ್ಗುವ ಪಟ್ಟು) 25ರ ಹತ್ತಿರ ನಿಲ್ಲುತ್ತದೆ. ಅದಕ್ಕೂ ಕ್ಯಾಥೋಡ್ ರೆಸಿಸ್ಟರಿಗೆ 470 ಮೈಕ್ರೊಫ್ಯಾರಡ್‌ನಂಥ ದೊಡ್ಡ ಕೆಪಾಸಿಟರ್ ಜೊತೆಗಿರಬೇಕು. ಆಗ ನಿಮಗೆ ದೊರೆಯುವುದು ಸುಮಾರು 1.2 ವೋಲ್ಟ್. ಸಿ.ಡಿ. ಪ್ಲೇಯರ್‌ಗಳು ಕೊಡುವುದು 2 ವೋಲ್ಟ್. ವ್ಯತ್ಯಾಸ ನಾಲ್ಕೂವರೆ ಡೆಸಿಬೆಲ್‌ಗಿಂತ ತುಸು ಹೆಚ್ಚು, ನೀವು ಕೇಳುತ್ತಿರುವುದು ಅದನ್ನೇ. ಬಹುತೇಕ ಆಂಪ್ಲಿಫೈಯರ್‌ಗಳಿಗೆ 1 ವೋಲ್ಟ್ ಸಾಕಾಗುವುದರಿಂದ ವಾಲ್ಯೂಮ್ ಗುಂಡಿಯನ್ನು ಸ್ವಲ್ಪ ಹೆಚ್ಚು ತಿರುಗಿಸುವುದರಲ್ಲಿ ನಷ್ಟವೇನೂ ಇಲ್ಲ.

ಹೀಗಿದ್ದರೂ ರೆಸಿಸ್ಟರನ್ನು ದೊಡ್ಡದು ಮಾಡಿ ಸದ್ದು ಹೆಚ್ಚಿಸಿಕೊಳ್ಳುವ ಆಸೆಗೆ ಬೀಳಬೇಡಿ, ಏಕೆಂದರೆ ನಿಮ್ಮ ಜೋಡಣೆಯ ನಿಜವಾದ ದೌರ್ಬಲ್ಯ ಅಲ್ಲಿಯೇ ಇದೆ. ಈ ಚಿಪ್ಪಿನ ಔಟ್‌ಪುಟ್ ಕಾಲು ಸೊನ್ನೆ ವೋಲ್ಟಿನ ಸುತ್ತ ಪ್ಲಸ್-ಮೈನಸ್ 25 ಮಿಲಿವೋಲ್ಟಿನೊಳಗೆ ಇರಬೇಕೆಂದು ತಯಾರಕರೇ ಸೂಚಿಸಿದ್ದಾರೆ. ಅದನ್ನು ಮೀರಿದಷ್ಟೂ ಡಿಸ್ಟಾರ್ಷನ್ ಏರುತ್ತದೆ. 33 ಓಮ್‌ನಲ್ಲಿ ನೀವು ಈಗಾಗಲೇ ಮಿತಿಯನ್ನು ಎರಡೂವರೆ ಪಟ್ಟು ದಾಟಿದ್ದೀರಿ. ಇದರ ಜೊತೆಗೆ ಸಂಗೀತ ಇಲ್ಲದಿದ್ದಾಗಲೂ ಚಿಪ್ 2 ಮಿಲಿಆಂಪಿಯರ್ ಎಳೆಯುತ್ತಿರುವುದರಿಂದ ರೆಸಿಸ್ಟರಿನ ಮೇಲೆ 66 ಮಿಲಿವೋಲ್ಟ್ ಡಿಸಿ ಕುಳಿತಿರುತ್ತದೆ. ಇದಕ್ಕೆ ಪರಿಹಾರ ಸುಲಭ: ಪ್ಲಸ್ 5 ವೋಲ್ಟಿನಿಂದ 2.2 ಕಿಲೋಓಮ್ ರೆಸಿಸ್ಟರ್ ಮತ್ತು 500 ಓಮ್ ಪ್ರೀಸೆಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್) ಸರಣಿಯಲ್ಲಿ ಜೋಡಿಸಿ, ಔಟ್‌ಪುಟ್ ಕಾಲಿಗೆ ಆ 2 ಮಿಲಿಆಂಪಿಯರನ್ನು ಹೊರಗಿನಿಂದಲೇ ಒದಗಿಸಿ, ಮೌನದಲ್ಲಿ ಮೀಟರ್ ಸೊನ್ನೆ ತೋರಿಸುವಂತೆ ಪ್ರೀಸೆಟ್ ತಿರುಗಿಸಿ. ಎರಡು ಚಾನೆಲ್‌ಗಳಿಗೂ ಬೇರೆ ಬೇರೆ ಬೇಕು.

ಮುಂದಿನ ಸುಧಾರಣೆಗೆ ನನಗೆ ಮೆಚ್ಚುಗೆಯಾಗುವ ದಾರಿ ಹೀಗಿದೆ: ರೆಸಿಸ್ಟರನ್ನು 12 ಓಮ್‌ಗೆ ಇಳಿಸಿದರೆ ಔಟ್‌ಪುಟ್ ಕಾಲು ಪ್ಲಸ್-ಮೈನಸ್ 24 ಮಿಲಿವೋಲ್ಟಿನೊಳಗೆ ಉಳಿಯುತ್ತದೆ, ಅಲ್ಲಿಂದ ಒಂದಕ್ಕೆ ಹತ್ತರ ಸ್ಟೆಪ್-ಅಪ್ ಆಡಿಯೊ ಟ್ರಾನ್ಸ್‌ಫಾರ್ಮರ್ ಮೂಲಕ 170 ಮಿಲಿವೋಲ್ಟ್ ಪಡೆದು, 13ರಷ್ಟು ಗೇನ್ ಕೊಡುವ ಇಸಿಸಿ82 ಟ್ಯೂಬಿಗೆ ಕಳುಹಿಸಿದರೆ 2.2 ವೋಲ್ಟ್ ಬರುತ್ತದೆ. ಚಿಪ್ಪೂ ತೃಪ್ತ, ಆಂಪ್ಲಿಫೈಯರೂ ತೃಪ್ತ. ಒಳ್ಳೆಯ ಆಡಿಯೊ ಟ್ರಾನ್ಸ್‌ಫಾರ್ಮರ್ ಅಗ್ಗವಲ್ಲ ಎಂಬುದೊಂದೇ ತೊಡಕು. ಆಪ್-ಆಂಪ್ ಒಂದಕ್ಕೆ 1.5 ಕಿಲೋಓಮ್ ಫೀಡ್‌ಬ್ಯಾಕ್ ಕೊಟ್ಟರೂ 2.1 ವೋಲ್ಟ್ ಬರುತ್ತದೆ. ಅಳತೆಯ ದೃಷ್ಟಿಯಿಂದ ಅದೇ ಶುದ್ಧ. ಆದರೆ ಆಮೇಲೆ ಟ್ಯೂಬಿಗೆ ಮಾಡಲು ಕೆಲಸವೇ ಉಳಿಯುವುದಿಲ್ಲ, ಅದು ತನ್ನ ಬಣ್ಣವನ್ನಷ್ಟೇ ಸೇರಿಸುತ್ತದೆ. ಆ ಬಣ್ಣ ಬೇಕೆನ್ನುವವರನ್ನು ತಡೆಯಲಾರೆ.

ಕೊನೆಯದಾಗಿ, ಈ ಚಿಪ್ಪಿನ 7ರಿಂದ 13 ಮತ್ತು 18ರಿಂದ 24ನೆಯ ಕಾಲುಗಳಿಗೆ 14 ಕೆಪಾಸಿಟರ್‌ಗಳು ಬೇಕು. 100 ನ್ಯಾನೋಫ್ಯಾರಡ್ ಫಿಲ್ಮ್ ಕೆಪಾಸಿಟರ್‌ಗಳನ್ನು ಕಾಲಿಗೆ ಆದಷ್ಟು ಹತ್ತಿರ ಬೆಸುಗೆ ಹಾಕಿ, ಅವುಗಳ ಗ್ರೌಂಡ್ ತುದಿಗಳು ಚಿಪ್ಪಿನ ಅನಲಾಗ್ ಗ್ರೌಂಡ್ ಕಾಲನ್ನು ಹತ್ತಿರದ ದಾರಿಯಲ್ಲಿ ಸೇರುವಂತೆ ನೋಡಿಕೊಳ್ಳಿ. ದುಬಾರಿ ಟ್ಯೂಬಿಗಿಂತ ಇದು ಮುಖ್ಯ.

ಪ್ರಶ್ನೆ: ನನ್ನ ಟ್ಯೂಬ್ ಡ್ಯಾಕ್‌ನಲ್ಲಿ ಹಾಡಿನ ನಡುವಿನ ಮೌನದಲ್ಲಿ ಗುಂಯ್ ಎಂಬ ಸದ್ದು ಸ್ಪಷ್ಟವಾಗಿ ಕೇಳುತ್ತದೆ. ಮೂರು ಬಗೆಯ ಟ್ಯೂಬ್ ಬದಲಿಸಿ ನೋಡಿದೆ, ಹೋಗಲಿಲ್ಲ. ಹೀಟರಿಗೆ (ಟ್ಯೂಬನ್ನು ಕಾಯಿಸುವ ಫಿಲಮೆಂಟಿಗೆ) ಟ್ರಾನ್ಸ್‌ಫಾರ್ಮರಿನಿಂದ ನೇರವಾಗಿ 6.3 ವೋಲ್ಟ್ ಎಸಿ ಕೊಟ್ಟಿದ್ದೇನೆ. ಬಿ-ಪ್ಲಸ್‌ಗೆ ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ಡಯೋಡುಗಳ ಜೋಡಣೆ) ಮತ್ತು 100 ಮೈಕ್ರೊಫ್ಯಾರಡ್‌ನ ಒಂದು ಕೆಪಾಸಿಟರ್ ಇದೆ. (ವಿಜಯನಗರ, ಬೆಂಗಳೂರು)

ಉತ್ತರ: ಟ್ಯೂಬುಗಳನ್ನು ಬದಲಿಸುವ ಮೊದಲು ಸದ್ದಿನ ಮೂಲವನ್ನು ಹುಡುಕಬೇಕಿತ್ತು. ನಮ್ಮ ಮನೆಗಳ ವಿದ್ಯುತ್ತು 50 ಹರ್ಟ್ಸ್‌ನದು. ಬ್ರಿಡ್ಜ್ ದಾಟಿದ ಮೇಲೆ ಉಳಿಯುವ ಏರಿಳಿತ ಅದರ ಎರಡರಷ್ಟು, ಅಂದರೆ 100 ಹರ್ಟ್ಸ್‌ನಲ್ಲಿರುತ್ತದೆ. ಫೋನಿನಲ್ಲಿ ಟೋನ್ ಹೊರಡಿಸುವ ಯಾವುದಾದರೂ ಆ್ಯಪ್ ಹಾಕಿಕೊಂಡು, ಹೆಡ್‌ಫೋನಿನಲ್ಲಿ 50 ಮತ್ತು 100 ಹರ್ಟ್ಸ್ ಕೇಳಿ ನಿಮ್ಮ ಗುಂಯ್ ಸದ್ದಿನೊಂದಿಗೆ ಹೋಲಿಸಿ. 100 ಆಗಿದ್ದರೆ ಬಿ-ಪ್ಲಸ್ ಸಪ್ಲೈಯೇ ಕಾರಣ. 50 ಆಗಿದ್ದರೆ ಹೀಟರ್, ಗ್ರೌಂಡ್ ಲೂಪ್ (ಉಪಕರಣಗಳು ಎರಡು ದಾರಿಗಳಲ್ಲಿ ಗ್ರೌಂಡ್ ಸೇರಿ ಆಗುವ ಸುತ್ತು), ಇಲ್ಲವೆ ಟ್ರಾನ್ಸ್‌ಫಾರ್ಮರಿನ ಕಾಂತಕ್ಷೇತ್ರ. ನಿಮ್ಮ ವಿವರಣೆಯನ್ನು ನೋಡಿದರೆ ಎರಡೂ ಇರಬಹುದೆಂದು ತೋರುತ್ತದೆ.

ಬಿ-ಪ್ಲಸ್‌ನಿಂದ ಆರಂಭಿಸೋಣ. ಎರಡು ಚಾನೆಲ್‌ಗಳಿಗೆ ಒಟ್ಟು 18 ಮಿಲಿಆಂಪಿಯರ್ ಹರಿಯುತ್ತಿದ್ದರೆ 100 ಮೈಕ್ರೊಫ್ಯಾರಡ್‌ನ ಮೇಲೆ ಸುಮಾರು 1.8 ವೋಲ್ಟ್ ಏರಿಳಿತ ಇರುತ್ತದೆ. ಇದು ಬಹಳ ಹೆಚ್ಚು. ಅದರ ಮುಂದೆ 1 ಕಿಲೋಓಮ್ ರೆಸಿಸ್ಟರ್, ಅದಾದ ಮೇಲೆ ಇನ್ನೊಂದು 100 ಮೈಕ್ರೊಫ್ಯಾರಡ್ ಹಾಕಿದರೆ ಏರಿಳಿತ ಅರವತ್ತನೆಯ ಒಂದು ಭಾಗಕ್ಕಿಂತ ಕೆಳಗಿಳಿಯುತ್ತದೆ, ಅಂದರೆ 30 ಮಿಲಿವೋಲ್ಟಿನ ಒಳಗೆ. ಅಂಥದ್ದೇ ಇನ್ನೊಂದು ಜೋಡಿ ಸೇರಿಸಿದರೆ ಅರ್ಧ ಮಿಲಿವೋಲ್ಟ್ ಕೂಡ ಉಳಿಯುವುದಿಲ್ಲ. ಟ್ಯೂಬ್ ಮತ್ತು ಆನೋಡ್ ರೆಸಿಸ್ಟರ್ ಸೇರಿ ಅದನ್ನೂ ನಾಲ್ಕನೆಯ ಒಂದರಷ್ಟಕ್ಕೆ ತಗ್ಗಿಸುವುದರಿಂದ ಗುಂಯ್ ಸಂಗೀತಕ್ಕಿಂತ 85ರಿಂದ 90 ಡೆಸಿಬೆಲ್ ಕೆಳಗೆ ಹೋಗುತ್ತದೆ, ಸಾಮಾನ್ಯ ಕೋಣೆಯಲ್ಲಿ ಕಿವಿಗೆ ಬೀಳುವುದಿಲ್ಲ. ಪ್ರತಿ ರೆಸಿಸ್ಟರಿನ ಮೇಲೆ 18 ವೋಲ್ಟ್ ಕಳೆದುಹೋಗುವುದನ್ನು ಲೆಕ್ಕಕ್ಕೆ ಹಿಡಿಯಿರಿ. 160 ವೋಲ್ಟಿನ ಸೆಕೆಂಡರಿ ಇದ್ದರೆ ಕೊನೆಯಲ್ಲಿ 180ರಿಂದ 190 ವೋಲ್ಟ್ ಉಳಿಯುತ್ತದೆ. ರೆಸಿಸ್ಟರ್‌ಗಳು 2 ವ್ಯಾಟಿನವಿರಲಿ. ಟ್ಯೂಬ್ ಬಿಸಿಯಾಗುವ ಮೊದಲು ಕರೆಂಟ್ ಹರಿಯದೆ ವೋಲ್ಟೇಜ್ ತುಂಬ ಮೇಲೇರುವುದರಿಂದ, ಮತ್ತು ನಮ್ಮಲ್ಲಿ ರಾತ್ರಿ ವೇಳೆ 250 ವೋಲ್ಟ್ ಬರುವುದು ಅಪರೂಪವಲ್ಲದ್ದರಿಂದ, ಕೆಪಾಸಿಟರ್‌ಗಳು 350 ವೋಲ್ಟಿಗಿಂತ ಕಡಿಮೆಯವು ಬೇಡ. ಕೆಪಾಸಿಟರಿನ ಗಾತ್ರವನ್ನು ಒಂದೇ ಕಡೆ ಐದು ಪಟ್ಟು ಹೆಚ್ಚಿಸುವುದಕ್ಕಿಂತ ಹೀಗೆ ಹಂತಹಂತವಾಗಿ ಶೋಧಿಸುವುದು ಅಗ್ಗವೂ ಹೌದು, ಪರಿಣಾಮಕಾರಿಯೂ ಹೌದು.

ಹೀಟರಿಗೆ ಡಿಸಿ ಕೊಡಿ. 9 ವೋಲ್ಟ್ ಸೆಕೆಂಡರಿ, ಬ್ರಿಡ್ಜ್, 4700 ಮೈಕ್ರೊಫ್ಯಾರಡ್, ಅದರ ಮುಂದೆ ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಚಿಪ್ ಎಲ್‌ಎಂ317. ಅದಕ್ಕೆ 120 ಓಮ್, ಮತ್ತು 470ಕ್ಕೆ 15 ಸೇರಿಸಿದ 485 ಓಮ್ ಕೊಟ್ಟರೆ ಸರಿಯಾಗಿ 6.3 ವೋಲ್ಟ್ ಬರುತ್ತದೆ. ಒಂದು ಇಸಿಸಿ88 ಟ್ಯೂಬಿಗೆ 365 ಮಿಲಿಆಂಪಿಯರ್ ಬೇಕು. ರೆಗ್ಯುಲೇಟರಿನಲ್ಲಿ ಒಂದೂವರೆಯಿಂದ ಎರಡು ವ್ಯಾಟ್ ಶಾಖವಾಗುವುದರಿಂದ ಹೀಟ್‌ಸಿಂಕ್ ಬೇಕೇ ಬೇಕು. ಈ ಸಪ್ಲೈಯ ಮೈನಸ್ ತುದಿಯನ್ನು ತೇಲಲು ಬಿಡದೆ ಗ್ರೌಂಡಿಗೆ ಒಂದೇ ಕಡೆ ಸೇರಿಸಿ.

ಇಷ್ಟಾದರೂ 50 ಹರ್ಟ್ಸ್ ಉಳಿದರೆ, ಆಫ್ ಮಾಡಿ ಕೆಪಾಸಿಟರ್‌ಗಳು ಖಾಲಿಯಾದ ಮೇಲೆ ಟ್ಯೂಬಿನ ಗ್ರಿಡ್ಡನ್ನು (ಸಂಕೇತ ಒಳಬರುವ ತುದಿಯನ್ನು) ಒಂದು ಚಿಕ್ಕ ತಂತಿಯಿಂದ ಗ್ರೌಂಡಿಗೆ ಸೇರಿಸಿ, ಮತ್ತೆ ಆನ್ ಮಾಡಿ. ಸದ್ದು ಹೋದರೆ ಅದು ಟ್ಯೂಬಿನ ಹಿಂದಿನಿಂದ, ಅಂದರೆ ಡಿಜಿಟಲ್ ಬದಿಯಿಂದ ಬರುತ್ತಿದೆ ಎಂದರ್ಥ. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ನಡೆಸಿ ನೋಡಿ. ಆಗ ಸದ್ದು ಮಾಯವಾದರೆ ನಿಮಗಿರುವುದು ಗ್ರೌಂಡ್ ಲೂಪ್, ಆಪ್ಟಿಕಲ್ ತಂತಿಯ ಮೂಲಕ ಸಂಕೇತ ತಂದರೆ ಅದು ತುಂಡಾಗುತ್ತದೆ. ಅರ್ಥಿಂಗ್ ಪಿನ್ ಕಿತ್ತು ಲೂಪ್ ತುಂಡರಿಸುವ ಸಲಹೆಯನ್ನು ಯಾರು ಕೊಟ್ಟರೂ ಕೇಳಬೇಡಿ.

ಪ್ರಶ್ನೆ: ಎಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿನಿ ನಾನು. ಇದುವರೆಗೆ 12 ವೋಲ್ಟಿಗಿಂತ ಹೆಚ್ಚಿನ ಸರ್ಕ್ಯೂಟ್ ಕಟ್ಟಿಲ್ಲ. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್) ಇರುವುದರಿಂದ ಧೈರ್ಯವಾಗಿ ಟ್ಯೂಬ್ ಡ್ಯಾಕ್ ಕಟ್ಟಬಹುದೆ, ಸರ್? (ತುಮಕೂರು)

ಉತ್ತರ: ಕಟ್ಟಬಹುದು, ಆದರೆ ಆರ್‌ಸಿಸಿಬಿಯನ್ನು ನಂಬಿ ಅಲ್ಲ. ಫೇಸ್ ತಂತಿಯಿಂದ ಕರೆಂಟ್ ಭೂಮಿಗೆ ಸೋರಿದಾಗ ಮಾತ್ರ ಅದು ಬೀಳುತ್ತದೆ. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿರುವ 200 ವೋಲ್ಟ್ ನಿಮ್ಮ ಒಂದು ಕೈಯಿಂದ ಇನ್ನೊಂದು ಕೈಗೆ ಹರಿದರೂ ಮನೆಯ ಆರ್‌ಸಿಸಿಬಿಗೆ ಅದರ ಸುಳಿವೇ ಸಿಗುವುದಿಲ್ಲ. ಈ ವಿಷಯವನ್ನು ಪಾಠದಲ್ಲಿ ಓದಿದವರೂ ಮೇಜಿನ ಮುಂದೆ ಮರೆಯುತ್ತಾರೆ.

ಸ್ವಿಚ್ ಆರಿಸಿದ ಮೇಲೂ ಬಿ-ಪ್ಲಸ್ ಕೆಪಾಸಿಟರ್‌ಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ. 100 ಮೈಕ್ರೊಫ್ಯಾರಡ್‌ನ ಮೂರು ಕೆಪಾಸಿಟರ್‌ಗಳಿಗೆ 100 ಕಿಲೋಓಮ್, 2 ವ್ಯಾಟಿನ ಒಂದು ಬ್ಲೀಡರ್ ರೆಸಿಸ್ಟರನ್ನು ಶಾಶ್ವತವಾಗಿ ಜೋಡಿಸಿದರೆ ಸುಮಾರು ಎರಡು ನಿಮಿಷಗಳಲ್ಲಿ 5 ವೋಲ್ಟಿಗೆ ಇಳಿಯುತ್ತದೆ. ಬ್ಲೀಡರಿನ ಬೆಸುಗೆ ಬಿಟ್ಟುಹೋಗಿರಲೂಬಹುದು, ಆದ್ದರಿಂದ ಪ್ರತಿ ಸಲವೂ ಮೀಟರಿನಲ್ಲಿ ಅಳೆದೇ ಕೈ ಹಾಕಬೇಕು. ಅಳೆಯುವಾಗ ಮೀಟರಿನ ಕಪ್ಪು ತಂತಿಯನ್ನು ಕ್ಲಿಪ್ಪಿನಿಂದ ಗ್ರೌಂಡಿಗೆ ಸಿಕ್ಕಿಸಿ, ಒಂದೇ ಕೈ ಬಳಸಿ, ಇನ್ನೊಂದು ಕೈ ಚಾಸಿಯನ್ನು ಮುಟ್ಟದಿರಲಿ. ಲೋಹದ ಚಾಸಿಗೆ ಅರ್ಥಿಂಗ್, ಫೇಸ್ ತಂತಿಯಲ್ಲಿ ಫ್ಯೂಸ್. ಟ್ರಾನ್ಸ್‌ಫಾರ್ಮರ್ ಇಲ್ಲದೆ 230 ವೋಲ್ಟನ್ನೇ ನೇರವಾಗಿ ರೆಕ್ಟಿಫೈ ಮಾಡುವ ಸರ್ಕ್ಯೂಟ್‌ಗಳೂ ಓಡಾಡುತ್ತಿವೆ. ಅವನ್ನು ನೋಡಿದ ಕೂಡಲೇ ಪಕ್ಕಕ್ಕಿಡಿ. ಮೊದಲ ಸಲ ಕರೆಂಟ್ ಕೊಡುವಾಗ 60 ವ್ಯಾಟಿನ, ಹಳೆಯ ಬಗೆಯ ಫಿಲಮೆಂಟ್ ಬಲ್ಬೊಂದನ್ನು ಸರಣಿಯಲ್ಲಿ ಹಾಕಿ: ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ನಿಮ್ಮ ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಆರಂಭದ ಕೆಲವು ಸಲ ಅನುಭವವಿರುವ ಒಬ್ಬರು ಪಕ್ಕದಲ್ಲಿರಲಿ. ಕಾಲೇಜಿನ ಪ್ರಯೋಗಾಲಯವೇ ಅದಕ್ಕೆ ಒಳ್ಳೆಯ ಜಾಗ.

ಪ್ರಶ್ನೆ: ನಮ್ಮ ತಂದೆಯವರು ರೇಡಿಯೊ ರಿಪೇರಿ ಅಂಗಡಿ ನಡೆಸುತ್ತಿದ್ದರು. ಅವರ ಪೆಟ್ಟಿಗೆಯಲ್ಲಿ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಹೆಸರಿನ ಹೊಸ ಇಸಿಸಿ83 ಟ್ಯೂಬುಗಳಿವೆ. ನನ್ನ ಡ್ಯಾಕ್‌ನಲ್ಲಿ ಇಸಿಸಿ88 ಇರುವ ಸಾಕೆಟ್ಟಿಗೆ ಅವು ಕೂರುತ್ತವೆ. ಬಳಸಬಹುದೆ? (ಮೈಸೂರು)

ಉತ್ತರ: ಸಾಕೆಟ್ಟಿನಲ್ಲಿ ಕೂರುತ್ತದೆ ಎಂಬುದೇ ಇಲ್ಲಿನ ಬಲೆ. ಎರಡೂ 9 ಕಾಲಿನ ಟ್ಯೂಬುಗಳೇ. ಇಸಿಸಿ88ರಲ್ಲಿ ಹೀಟರ್ 4 ಮತ್ತು 5ನೆಯ ಕಾಲುಗಳ ನಡುವೆ ಇದ್ದು, 9ನೆಯ ಕಾಲು ಒಳಗಿನ ಶೀಲ್ಡಿಗೆ ಹೋಗುತ್ತದೆ. ಇಸಿಸಿ82 ಮತ್ತು ಇಸಿಸಿ83ರಲ್ಲಿ 4-5ರ ನಡುವೆ 12.6 ವೋಲ್ಟ್ ಬೇಕು, 6.3 ವೋಲ್ಟಿನಲ್ಲಿ ನಡೆಸಬೇಕಾದರೆ 4 ಮತ್ತು 5ನ್ನು ಸೇರಿಸಿ, 9ನೆಯ ಕಾಲಿನೊಂದಿಗೆ ಕೊಡಬೇಕು. ನಿಮ್ಮ ಸಾಕೆಟ್ಟಿನಲ್ಲಿ ಹಾಗೆಯೇ ಚುಚ್ಚಿದರೆ ಹೀಟರಿಗೆ ಅರ್ಧ ವೋಲ್ಟೇಜ್ ಮಾತ್ರ ಸಿಕ್ಕಿ ಟ್ಯೂಬು ಸರಿಯಾಗಿ ಕೆಲಸ ಮಾಡುವುದಿಲ್ಲ.

ತಂತಿ ಬದಲಿಸಿದರೂ ಇಸಿಸಿ83 ಈ ಕೆಲಸದ ಟ್ಯೂಬ್ ಅಲ್ಲ. ಅದರ ವರ್ಧನಾಂಕ 100, ಒಳಗಿನ ರೋಧ 60 ಕಿಲೋಓಮ್‌ನ ಆಸುಪಾಸು. ಉದ್ದದ ತಂತಿಯನ್ನೂ ಆಂಪ್ಲಿಫೈಯರನ್ನೂ ನಡೆಸುವ ಶಕ್ತಿ ಅದಕ್ಕಿಲ್ಲ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರಿಸೀವಿಂಗ್ ವಾಲ್ವ್‌ಗಳ ತಯಾರಿಕೆ ಆರಂಭಿಸಿತು, ಮುಂದೆ ಅಲ್ಲಿಂದ ಬಂದ ಟ್ಯೂಬುಗಳು ಇಂದಿಗೂ ಹಳೆಯ ರಿಪೇರಿ ಅಂಗಡಿಗಳಲ್ಲಿ ಸಿಗುತ್ತವೆ. ನಿಮ್ಮವನ್ನು ಗ್ರಾಮಫೋನ್ ರೆಕಾರ್ಡಿನ ಪ್ರೀ-ಆಂಪ್ಲಿಫೈಯರ್ ಕಟ್ಟಲು ಎತ್ತಿಡಿ, ಅಲ್ಲಿ ಅವಕ್ಕೆ ಸಾಟಿ ಕಡಿಮೆ. ಇಸಿಸಿ88ರ ಜಾಗಕ್ಕೆ ಇ88ಸಿಸಿ, 6922 ಅಥವಾ ರಷ್ಯಾದ 6ಎನ್23ಪಿ ನೇರವಾಗಿ ಹೊಂದುತ್ತವೆ. 6ಎನ್1ಪಿ ಕೂಡ ಹೊಂದುತ್ತದೆಂದು ಹೇಳುವವರಿದ್ದಾರೆ. ಅದರ ಹೀಟರ್ 600 ಮಿಲಿಆಂಪಿಯರ್ ಎಳೆಯುವುದರಿಂದ ನಿಮ್ಮ ರೆಗ್ಯುಲೇಟರ್ ಮತ್ತು ಟ್ರಾನ್ಸ್‌ಫಾರ್ಮರ್ ತಡೆಯುತ್ತವೆಯೇ ಎಂದು ಮೊದಲು ನೋಡಿಕೊಳ್ಳಿ.

ಪ್ರಶ್ನೆ: ಡ್ಯಾಕ್ ಆನ್ ಮಾಡಿದಾಗ ಸ್ಪೀಕರಿನಲ್ಲಿ ಜೋರಾಗಿ ‘ಧಡ್’ ಎನ್ನುತ್ತದೆ. ಸ್ಪೀಕರ್ ಹಾಳಾಗುವುದೆ? (ಹುಬ್ಬಳ್ಳಿ)

ಉತ್ತರ: ಹಾಳಾಗಬಹುದು. ಆನೋಡಿನಲ್ಲಿರುವ ನೂರರಷ್ಟು ವೋಲ್ಟಿಗೆ ಔಟ್‌ಪುಟ್ ಕೆಪಾಸಿಟರ್ ಚಾರ್ಜ್ ಆಗುವಾಗ ಆ ಏರಿಕೆ ಆಂಪ್ಲಿಫೈಯರಿಗೂ ತಲುಪುತ್ತದೆ. ಔಟ್‌ಪುಟ್ ಜಾಕಿಗೆ ಅಡ್ಡಲಾಗಿ 470 ಕಿಲೋಓಮ್ ರೆಸಿಸ್ಟರ್ ಇರಲೇಬೇಕು. ಅದರ ಜೊತೆಗೆ, ಮೊದಲ 45 ಸೆಕೆಂಡು ಔಟ್‌ಪುಟ್ಟನ್ನು ಗ್ರೌಂಡಿಗೆ ಸೇರಿಸಿಟ್ಟು ಆಮೇಲೆ ಬಿಡುವ ರಿಲೇ ಹಾಕಿ. ಅಲ್ಲಿಯವರೆಗೆ ಡ್ಯಾಕ್ ಮೊದಲು ಆನ್, ಆಂಪ್ಲಿಫೈಯರ್ ಕೊನೆಗೆ ಆನ್. ಆರಿಸುವಾಗ ಆಂಪ್ಲಿಫೈಯರ್ ಮೊದಲು.

ಪ್ರಶ್ನೆ: ಹಳೆಯ 16 ಬಿಟ್ ಚಿಪ್ಪಿಗೆ 24 ಬಿಟ್, 96 ಕಿಲೋಹರ್ಟ್ಸ್ ಫೈಲುಗಳನ್ನು ಕೊಡಬಹುದೆ? ಓವರ್‌ಸ್ಯಾಂಪ್ಲಿಂಗ್ (ಡಿಜಿಟಲ್ ಮಾದರಿಗಳ ದರವನ್ನು ಹಲವು ಪಟ್ಟು ಹೆಚ್ಚಿಸುವುದು) ತೆಗೆದುಹಾಕಿದರೆ ಸಂಗೀತ ಹೆಚ್ಚು ಸಹಜವಾಗುತ್ತದೆಂಬುದು ನಿಜವೆ? ದುಬಾರಿ ಕ್ಲಾಕ್ (ಡಿಜಿಟಲ್ ಸಂಕೇತಕ್ಕೆ ಕಾಲದ ತಾಳ ಕೊಡುವ ಭಾಗ) ಹಾಕಿದರೆ ಪ್ರಯೋಜನವಿದೆಯೆ? (ಬಳ್ಳಾರಿ)

ಉತ್ತರ: 16 ಬಿಟ್‌ನ ಚಿಪ್ ಮೇಲಿನ 16 ಬಿಟ್‌ಗಳನ್ನಷ್ಟೇ ತೆಗೆದುಕೊಂಡು ಉಳಿದವನ್ನು ಬಿಟ್ಟುಬಿಡುತ್ತದೆ. ಕಂಪ್ಯೂಟರಿನ ಪ್ಲೇಯರ್ ತಂತ್ರಾಂಶದಲ್ಲೇ ಡಿದರ್ (ಬಿಟ್ ಕಡಿತದ ತಪ್ಪನ್ನು ಮರೆಸುವ ಅತಿ ಸಣ್ಣ ಗದ್ದಲ) ಹಾಕಿ 16 ಬಿಟ್‌ಗೆ ಇಳಿಸಿ ಕಳುಹಿಸುವುದು ಮೇಲು.

ಓವರ್‌ಸ್ಯಾಂಪ್ಲಿಂಗ್ ಇಲ್ಲದ ಡ್ಯಾಕ್‌ಗಳ ಒಲವು 1990ರ ದಶಕದ ಕೊನೆಯಲ್ಲಿ ಜಪಾನಿನ ರ್ಯೋಹೆಯ್ ಕುಸುನೋಕಿಯವರ ಲೇಖನಗಳಿಂದ ಹಬ್ಬಿತು. ಅದಕ್ಕೂ ಮೊದಲು ಫಿಲಿಪ್ಸ್‌ನ ಪ್ಲೇಯರ್‌ಗಳಲ್ಲಿ ಎಸ್‌ಎಎ7220 ಎಂಬ ಚಿಪ್ 44.1 ಕಿಲೋಹರ್ಟ್ಸ್ ದರವನ್ನು ನಾಲ್ಕು ಪಟ್ಟು ಹೆಚ್ಚಿಸಿ ಟಿಡಿಎ1541ಗೆ ಕೊಡುತ್ತಿತ್ತು. ಅದನ್ನು ತೆಗೆದರೆ ಎರಡು ಪರಿಣಾಮಗಳಾಗುತ್ತವೆ. 20 ಕಿಲೋಹರ್ಟ್ಸ್‌ನಲ್ಲಿ ಸದ್ದು 3.2 ಡೆಸಿಬೆಲ್‌ನಷ್ಟು ಇಳಿಯುತ್ತದೆ; 22 ಕಿಲೋಹರ್ಟ್ಸ್‌ಗಿಂತ ಮೇಲೆ ಸಂಗೀತದ ಪ್ರತಿಬಿಂಬಗಳು ಹಾಗೆಯೇ ಹೊರಬರುತ್ತವೆ. ಮೃದುವೆಂದು ಮೆಚ್ಚುವ ಸ್ವರದಲ್ಲಿ ಆ 3 ಡೆಸಿಬೆಲ್‌ನ ಪಾಲು ದೊಡ್ಡದೆಂಬುದು ನನ್ನ ಅಭಿಪ್ರಾಯ. ಈಗ ಇದಕ್ಕೊಂದು ಅಗ್ಗದ ಪರೀಕ್ಷೆ ಇದೆ: ಓವರ್‌ಸ್ಯಾಂಪ್ಲಿಂಗನ್ನು ಕಂಪ್ಯೂಟರಿನಲ್ಲೇ ಮಾಡಿ, 176.4 ಕಿಲೋಹರ್ಟ್ಸ್‌ನಲ್ಲಿ ಅದೇ ಚಿಪ್ಪಿಗೆ ಕಳುಹಿಸಿ, ಎರಡನ್ನೂ ಕೇಳಿ ನೋಡಿ. ಬೆಸುಗೆಯ ಅಗತ್ಯವೇ ಇಲ್ಲ.

ಕ್ಲಾಕಿನ ವಿಷಯದಲ್ಲಿ ಲೆಕ್ಕ ಹೇಳುವುದಿಷ್ಟು. 20 ಕಿಲೋಹರ್ಟ್ಸ್‌ನ ಪೂರ್ಣ ಮಟ್ಟದ ಅಲೆಯಲ್ಲಿ 16 ಬಿಟ್‌ನ ಅರ್ಧ ಹೆಜ್ಜೆಯಷ್ಟು ತಪ್ಪಾಗಲು ಸುಮಾರು 120 ಪಿಕೋಸೆಕೆಂಡ್ ವ್ಯತ್ಯಯ ಸಾಕು. ಹಳೆಯ ಸಿಎಸ್8412 ರಿಸೀವರಿನ ಜಿಟ್ಟರ್, ಅಂದರೆ ಈ ಕಾಲದ ವ್ಯತ್ಯಯ, 200 ಪಿಕೋಸೆಕೆಂಡಿನ ಹತ್ತಿರ, ಡಿಐಆರ್9001ರದು 50ರ ಹತ್ತಿರ. ಹಾಗಾಗಿ ಹಳೆಯ ರಿಸೀವರ್ ಬದಲಿಸುವುದಕ್ಕೆ ಅರ್ಥವಿದೆ. ಅಸಿಂಕ್ರೊನಸ್ ಯುಎಸ್‌ಬಿ ಬೋರ್ಡಿನಲ್ಲಿ 22.5792 ಮತ್ತು 24.576 ಮೆಗಾಹರ್ಟ್ಸ್‌ನ ಎರಡು ಕ್ಲಾಕ್‌ಗಳು ಡ್ಯಾಕ್ ಬದಿಯಲ್ಲೇ ಇರುವುದರಿಂದ ಅದು ಇನ್ನೂ ಒಳ್ಳೆಯದು. ಅದಾದ ಮೇಲೂ ಕ್ಲಾಕಿಗೆ ಸಾವಿರಾರು ರೂಪಾಯಿ ಸುರಿಯುವ ಬದಲು, ಬೋರ್ಡಿನಿಂದ ಚಿಪ್ಪಿಗೆ ಹೋಗುವ ಐ2ಎಸ್ (ಡಿಜಿಟಲ್ ಸಂಗೀತ ಸಾಗಿಸುವ) ತಂತಿಗಳನ್ನು ಕೆಲವೇ ಸೆಂಟಿಮೀಟರಿಗೆ ಮೊಟಕುಗೊಳಿಸಿ.

ಪ್ರಶ್ನೆ: ಔಟ್‌ಪುಟ್‌ನಲ್ಲಿದ್ದ ಸಾಧಾರಣ 0.22 ಮೈಕ್ರೊಫ್ಯಾರಡ್ ಕೆಪಾಸಿಟರ್ ತೆಗೆದು, ಅಷ್ಟೇ ಮೌಲ್ಯದ ಬಹಳ ಬೆಲೆಯ ಆಮದು ಕೆಪಾಸಿಟರ್ ಹಾಕಿದೆ. ಮೃದಂಗದ ತೊಪ್ಪಿ ಹಿಂದಿನಂತೆಯೇ ತೆಳುವಾಗಿ ಕೇಳುತ್ತದೆ. ನನ್ನ ಆಂಪ್ಲಿಫೈಯರಿನ ಇನ್‌ಪುಟ್ 10 ಕಿಲೋಓಮ್. (ಉಡುಪಿ)

ಉತ್ತರ: ಬೆಲೆ ಬದಲಾಯಿತು, ಮೌಲ್ಯ ಬದಲಾಗಲಿಲ್ಲ. 0.22 ಮೈಕ್ರೊಫ್ಯಾರಡ್ ಮತ್ತು 10 ಕಿಲೋಓಮ್ ಸೇರಿದರೆ 72 ಹರ್ಟ್ಸ್‌ನಲ್ಲೇ 3 ಡೆಸಿಬೆಲ್ ಕಡಿತವಾಗುತ್ತದೆ, ಅದಕ್ಕಿಂತ ಕೆಳಗಿನದು ಇನ್ನಷ್ಟು ಸೊರಗುತ್ತದೆ. ಅದೇ ಕೆಪಾಸಿಟರ್ 47 ಕಿಲೋಓಮ್‌ನ ಆಂಪ್ಲಿಫೈಯರಿಗೆ ಸೇರಿದ್ದರೆ ಕಡಿತ 15 ಹರ್ಟ್ಸ್‌ಗೆ ಇಳಿಯುತ್ತಿತ್ತು, ನಿಮಗೆ ದೂರೇ ಇರುತ್ತಿರಲಿಲ್ಲ. 400 ವೋಲ್ಟಿನ, 2.2 ಮೈಕ್ರೊಫ್ಯಾರಡ್‌ನ ಸಾಮಾನ್ಯ ಪಾಲಿಪ್ರೊಪಿಲೀನ್ ಕೆಪಾಸಿಟರ್ ಹಾಕಿ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅಂಥವು ಸಿಗುತ್ತವೆ. ಕಡಿತ 7 ಹರ್ಟ್ಸ್‌ಗೆ ಹೋಗುತ್ತದೆ.

ಒಂದೇ ಮೌಲ್ಯದ ಎರಡು ಕೆಪಾಸಿಟರ್‌ಗಳ ನಡುವೆ ವ್ಯತ್ಯಾಸ ಕೇಳಿಸುತ್ತದೆಯೇ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ, ಆದರೆ ಹೋಲಿಸುವ ಕ್ರಮವನ್ನು ಹೇಳಬಲ್ಲೆ. ಎರಡನ್ನೂ ಸ್ವಿಚ್ಚಿಗೆ ಜೋಡಿಸಿ, ಸ್ವಿಚ್ಚನ್ನು ಬೇರೊಬ್ಬರು ತಿರುಗಿಸಲಿ, ಯಾವುದು ಎಂಬುದು ನಿಮಗೆ ಗೊತ್ತಿರಬಾರದು. ಟ್ಯೂಬುಗಳನ್ನು ಹೋಲಿಸುವಾಗಲಂತೂ ಮಟ್ಟ ಸರಿಹೊಂದಿಸದೆ ಕೇಳುವುದು ವ್ಯರ್ಥ, ಏಕೆಂದರೆ ಗೇನ್ ತುಸು ಹೆಚ್ಚಿರುವ ಟ್ಯೂಬನ್ನೇ ಕಿವಿ ಮೆಚ್ಚುತ್ತದೆ. 0.1 ಡೆಸಿಬೆಲ್‌ನೊಳಗೆ ಹೊಂದಿಸಬೇಕೆಂದರೆ 1.2 ವೋಲ್ಟಿನಲ್ಲಿ 14 ಮಿಲಿವೋಲ್ಟಿಗಿಂತ ಕಡಿಮೆ ವ್ಯತ್ಯಾಸವಿರಬೇಕು. ಅಗ್ಗದ ಮಲ್ಟಿಮೀಟರ್‌ಗಳ ಎಸಿ ಅಳತೆ ಕೆಲವು ನೂರು ಹರ್ಟ್ಸ್ ದಾಟಿದರೆ ನಂಬುವಂತಿರುವುದಿಲ್ಲವಾದ್ದರಿಂದ 300 ಹರ್ಟ್ಸ್‌ನ ಟೋನ್ ಬಳಸಿ.

ಪ್ರಶ್ನೆ: ಟ್ಯೂಬ್ ಎಷ್ಟು ಕಾಲ ಬಾಳುತ್ತದೆ? ಸದಾ ಬಿಸಿಯಾಗಿಟ್ಟರೆ ಆಯುಷ್ಯ ಹೆಚ್ಚುವುದೆಂದು ಹೀಟರನ್ನು ದಿನವಿಡೀ ಆನ್ ಇಟ್ಟು, ಬಿ-ಪ್ಲಸ್ ಮಾತ್ರ ಆರಿಸುತ್ತಿದ್ದೇನೆ. (ಹಾಸನ)

ಉತ್ತರ: ಹಾಗೆ ಮಾಡಬೇಡಿ. ಕ್ಯಾಥೋಡ್ ಬಿಸಿಯಾಗಿದ್ದು ಕರೆಂಟ್ ಹರಿಯದೆ ದೀರ್ಘಕಾಲ ಇದ್ದರೆ ಅದರ ಲೇಪನ ಮತ್ತು ಲೋಹದ ನಡುವೆ ರೋಧದ ಪದರ ಬೆಳೆದು ಟ್ಯೂಬ್ ಸೊರಗುತ್ತದೆ. ಕೇಳುವಾಗ ಎರಡನ್ನೂ ಆನ್ ಮಾಡಿ, ಮುಗಿದ ಮೇಲೆ ಎರಡನ್ನೂ ಆರಿಸಿ. ಇ88ಸಿಸಿಯಂಥ ವಿಶೇಷ ಗುಣಮಟ್ಟದ ಟ್ಯೂಬುಗಳನ್ನು 10,000 ಗಂಟೆಗಳ ಬಾಳಿಕೆಗೆಂದು ರೂಪಿಸಲಾಗಿತ್ತು. ದಿನಕ್ಕೆ ನಾಲ್ಕು ಗಂಟೆ ಎಂದರೆ ಸುಮಾರು ಏಳು ವರ್ಷ. ಪೆಟ್ಟಿಗೆಯೊಳಗಿನ ಶಾಖಕ್ಕೆ ಟ್ಯೂಬಿಗಿಂತ ಮೊದಲು ಸಾಯುವುದು ಅದರ ಪಕ್ಕದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು, ಆದ್ದರಿಂದ ಅವನ್ನು ಟ್ಯೂಬಿನಿಂದ ಮೂರು-ನಾಲ್ಕು ಸೆಂಟಿಮೀಟರ್ ದೂರವಿಡಿ. ಮುಚ್ಚಳದಲ್ಲಿ ಟ್ಯೂಬಿನ ಮೇಲೂ, ತಳದಲ್ಲಿ ಸಾಕೆಟ್ಟಿನ ಸುತ್ತಲೂ ಗಾಳಿಯಾಡಲು ರಂಧ್ರಗಳಿರಲಿ, ಬೆರಳು ತೂರದಷ್ಟು ಚಿಕ್ಕವು.